ಉಳಿದ ಆ್ಯಂಟಿಬಯೋಟಿಕ್ ಅನ್ನು ಮಗುವಿಗೆ ಕೊಡುವ ಮುನ್ನ

ಮಗುವಿಗೆ ಜ್ವರ ಬಂದ ಕೂಡಲೇ ಹಿಂದಿನ ಸಲ ಉಳಿದಿದ್ದ ಸಿರಪ್ ಹುಡುಕುವುದು, ಇಲ್ಲವೇ ಔಷಧಿ ಅಂಗಡಿಯಲ್ಲಿ ಹಳೆಯ ಬಾಟಲಿ ತೋರಿಸಿ ಅದನ್ನೇ ಮತ್ತೆ ತರುವುದು ಅನೇಕ ಪೋಷಕರ ರೂಢಿ. ಆ್ಯಂಟಿಬಯೋಟಿಕ್‌ಗಳು ಕೆಲಸ ಮಾಡುವುದು ಬ್ಯಾಕ್ಟೀರಿಯಾಗಳ ಮೇಲೆ. ನೆಗಡಿ, ಫ್ಲೂ ಹಾಗೂ ಬಹುಪಾಲು ಗಂಟಲುನೋವಿಗೆ ವೈರಸ್‌ಗಳು ಕಾರಣವಾದ್ದರಿಂದ ಅಲ್ಲಿ ಅವುಗಳಿಂದ ಪ್ರಯೋಜನವಿಲ್ಲ. ಸಿಂಬಳ ಹಳದಿ ಅಥವಾ ಹಸಿರಾದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸೋಂಕು ಎನ್ನಲಾಗದು. ‘ಕಳೆದ ಸಲ ಇದರಿಂದಲೇ ವಾಸಿಯಾಯಿತಲ್ಲ’ ಎಂಬ ಮಾತನ್ನೂ ಅಷ್ಟು ಸುಲಭವಾಗಿ ನಂಬಬಾರದು, ಏಕೆಂದರೆ ವೈರಸ್ ಜ್ವರ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಔಷಧಿಗೆ ಬರುತ್ತದೆ.

ಆದ್ದರಿಂದ ಮೊದಲು ಬಾಟಲಿಯನ್ನು ಬದಿಗಿಟ್ಟು ಮಗುವನ್ನು ಗಮನಿಸಿ. ಮಗು ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿ: 2ರಿಂದ 11 ತಿಂಗಳ ಮಗುವಿನಲ್ಲಿ ಅದು 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗಿನ ಮಗುವಿನಲ್ಲಿ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ಅದರೊಂದಿಗೆ ಅಥವಾ ಅದಿಲ್ಲದೆಯೂ ಉಸಿರೆಳೆದುಕೊಂಡಾಗ ಪಕ್ಕೆಲುಬಿನ ಕೆಳಭಾಗ ಒಳಗೆ ಸೆಳೆದುಕೊಳ್ಳುವುದು, ಮಗು ಏನನ್ನೂ ಕುಡಿಯದಿರುವುದು, ಎಬ್ಬಿಸಿದರೂ ಮಂಕಾಗಿರುವುದು, ಫಿಟ್ಸ್ ಬರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೂರು ತಿಂಗಳೂ ತುಂಬದ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಇನ್ನು ಆ ಬಾಟಲಿಯ ವಿಚಾರ. ಪುಡಿಗೆ ನೀರು ಬೆರೆಸಿ ತಯಾರಿಸುವ ಸಿರಪ್ ಸಾಮಾನ್ಯವಾಗಿ ಒಂದೆರಡು ವಾರವಷ್ಟೇ ಬಳಕೆಗೆ ಯೋಗ್ಯ. ಲೇಬಲ್ಲಿನ ಮೇಲಿರುವ ಮುಕ್ತಾಯದ ದಿನಾಂಕ ನೀರು ಬೆರೆಸದ ಪುಡಿಗೆ ಸಂಬಂಧಿಸಿದ್ದೆಂಬುದನ್ನು ಬಹಳಷ್ಟು ಮಂದಿ ಗಮನಿಸುವುದೇ ಇಲ್ಲ. ಮಕ್ಕಳ ಡೋಸ್ ತೂಕಕ್ಕೆ ತಕ್ಕಂತೆ ನಿರ್ಧಾರವಾಗುತ್ತದೆ. ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಸಿರಪ್ 5 ಎಂಎಲ್‌ಗೆ 125 ಮಿಲಿಗ್ರಾಂ ಹಾಗೂ 250 ಮಿಲಿಗ್ರಾಂ ಎರಡೂ ಪ್ರಮಾಣಗಳಲ್ಲಿ ಸಿಗುವುದರಿಂದ, ‘ಒಂದು ಚಮಚ’ ಎಂದು ನೆನಪಿಟ್ಟುಕೊಂಡವರು ಅರ್ಧ ಡೋಸನ್ನೋ ದುಪ್ಪಟ್ಟನ್ನೋ ಕೊಟ್ಟುಬಿಡಬಹುದು. ಅಣ್ಣನಿಗೆ ಬರೆದುಕೊಟ್ಟದ್ದನ್ನು ತಂಗಿಗೆ ಕೊಡುವುದೂ ಇಂಥದ್ದೇ ತಪ್ಪು. ಅನಗತ್ಯವಾಗಿ ಕೊಟ್ಟ ಔಷಧಿ ಭೇದಿ, ಅಲರ್ಜಿಗಳನ್ನು ತರಬಹುದು; ಜೊತೆಗೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಉಳಿದು ಬೆಳೆದರೆ, ನಿಜವಾಗಿ ಬೇಕಾದ ದಿನ ಅದೇ ಔಷಧಿ ಕೆಲಸಕ್ಕೆ ಬಾರದೆ ಹೋಗಬಹುದು.

ವೈದ್ಯರ ಬಳಿ ‘ಇದು ಬ್ಯಾಕ್ಟೀರಿಯಾ ಸೋಂಕೇ, ಎಷ್ಟು ಎಂಎಲ್, ಎಷ್ಟು ದಿನ’ ಎಂದು ಸಂಕೋಚವಿಲ್ಲದೆ ಕೇಳಿ ಬರೆಸಿಕೊಳ್ಳಿ. ಅಳತೆಗೆ ಅಡುಗೆಮನೆಯ ಚಮಚ ಬೇಡ, ಎಂಎಲ್ ಗುರುತಿರುವ ಸಿರಿಂಜ್ ಅಥವಾ ಔಷಧಿಯೊಂದಿಗೆ ಬಂದ ಅಳತೆಯ ಮುಚ್ಚಳ ಬಳಸಿ.

ಈಗಾಗಲೇ ಔಷಧಿ ಕೊಟ್ಟಾಗಿದ್ದರೆ ಮುಚ್ಚಿಡಬೇಡಿ. ಬೈಯುತ್ತಾರೆಂಬ ಭಯ ಸಹಜ, ಆದರೆ ಒಂದೆರಡು ಡೋಸ್ ಕೊಟ್ಟಿದ್ದರೂ ರಕ್ತ, ಮೂತ್ರದಂಥ ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಸೋಂಕು ಕಾಣದೆ ಹೋಗುವ ಸಾಧ್ಯತೆಯಿದೆ. ಕೊಟ್ಟ ಸಮಯ, ಪ್ರಮಾಣಗಳನ್ನು ಬರೆದುಕೊಂಡು, ಬಾಟಲಿಯೊಂದಿಗೆ ವೈದ್ಯರನ್ನು ಕಾಣಿ. ಮುಖ ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ಮುಂದಿನ ಡೋಸ್ ಕೊಡದೆ ತಕ್ಷಣ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.