ಕಿತ್ತಳೆ, ನಿಂಬೆ ಸಿಪ್ಪೇಲಿ ಮನೆ ಕ್ಲೀನಿಂಗ್: ಎಲ್ಲಿ ಕೆಲ್ಸ ಮಾಡುತ್ತೆ, ಎಲ್ಲಿ ಮಾಡಲ್ಲ

ಕಿತ್ತಳೆ ಸುಲಿಯೋವಾಗ ಕಣ್ಣಿಗೆ ಚುರ್ ಅಂತ ಸಿಡಿಯುತ್ತಲ್ಲ, ಅದೇ ನಮ್ಮ ಕ್ಲೀನರ್. ಸಿಪ್ಪೆ ಮೇಲಿರೋ ಸಣ್ಣ ಸಣ್ಣ ಚುಕ್ಕಿಗಳಲ್ಲಿ ಎಣ್ಣೆ ತುಂಬಿರುತ್ತೆ, ಕಿತ್ತಳೆದಾದ್ರೆ ಅದ್ರಲ್ಲಿ 90%ಗಿಂತ ಜಾಸ್ತಿ ಲಿಮೊನೀನ್, ಜಿಡ್ಡು ಬಿಡ್ಸೋದು ಅದೇ. ಹುಳಿ ಇರೋದು ರಸದಲ್ಲಿ, ಸಿಪ್ಪೇಲಿ ಅಷ್ಟಿಲ್ಲ. ಹಾಗಾಗಿ ನಲ್ಲಿ ಮೇಲೆ ಗಟ್ಟಿಯಾಗಿ ಕೂತಿರೋ ಬಿಳಿ ಕಲೆಗೆ ಬರೀ ಸಿಪ್ಪೆ ಉಜ್ಜಿದ್ರೆ ಕೈನೋವು ಬರುತ್ತೆ ಅಷ್ಟೇ, ಅದಕ್ಕೆ ವಿನೆಗರ್ ಜೊತೆ ಬೇಕು.

ಮಾಡೋದು ಸುಲಭ. ಗಾಜಿನ ಜಾರ್‌ಗೆ ತಾಜಾ ಸಿಪ್ಪೆ ತುಂಬಿ, ಪೂರ್ತಿ ಮುಳುಗೋ ಹಾಗೆ ಬಿಳಿ ವಿನೆಗರ್ ಹಾಕಿ, 2 ವಾರ ಬಿಸಿಲು ಬೀಳದ ಕಡೆ ಇಡಿ. ಈ "ಪೂರ್ತಿ ಮುಳುಗೋ ಹಾಗೆ" ಅನ್ನೋದನ್ನ ನಾನು ಮೊದಲ ಸಲ ಸೀರಿಯಸ್ಸಾಗಿ ತಗೊಳ್ಲಿಲ್ಲ, ಮೇಲೆ ತೇಲ್ತಿದ್ದ ನಾಲ್ಕು ಸಿಪ್ಪೆಗೆ ಬೂಷ್ಟು ಹಿಡಿದು ಇಡೀ ಜಾರ್ ಚೆಲ್ಲಿದೆ. ತಗಡಿನ ಮುಚ್ಚಳ ಬೇಡ, ತುಕ್ಕು ಹಿಡಿಯುತ್ತೆ. ಆಮೇಲೆ ಬಟ್ಟೇಲಿ ಚೆನ್ನಾಗಿ ಸೋಸಿ, ಇಲ್ಲಾಂದ್ರೆ ಸ್ಪ್ರೇ ಬಾಟಲ್ ಮೂತಿ ಕಟ್ಕೊಳುತ್ತೆ, ಅಷ್ಟೇ ಪ್ರಮಾಣದ ನೀರು ಬೆರೆಸಿ. ಸಿಂಕು, ನಲ್ಲಿ, ಬಾತ್ರೂಮ್ ಟೈಲ್ಸ್, ಕಿಟಕಿ ಗಾಜು ಎಲ್ಲಕ್ಕೂ ಆಗುತ್ತೆ. ಬಿಳಿ ಕಲೆಗೆ ಮಾತ್ರ ನೀರು ಬೆರೆಸದೆ ಹಾಕಿ 15 ನಿಮಿಷ ಬಿಟ್ಟು ಉಜ್ಜಿ, ತೊಳೀರಿ.

ಇದಕ್ಕೆ ಅಡಿಗೆ ಸೋಡಾ ಸೇರ್ಸಿ ಅಂತ ಎಲ್ರೂ ಹೇಳ್ತಾರೆ, ಬುಸ್ ಅಂತ ನೊರೆ ಬರೋದು ನೋಡೋಕೇನೋ ಮಜಾ, ಆದ್ರೆ ಸೋಡಾ ಹುಳೀನ ಕೊಂದು ಹಾಕುತ್ತೆ, ಉಳಿಯೋದು ಹೆಚ್ಚುಕಮ್ಮಿ ಉಪ್ಪುನೀರು ತರದ್ದು.

ಬಾಟಲ್ ಮೇಲಿನ ಸ್ಟಿಕ್ಕರ್ ಅಂಟಿಗೆ ವಿನೆಗರೂ ಬೇಡ, ಸಿಪ್ಪೆ ಹೊರಭಾಗ ಅಂಟಿನ ಮೇಲಿಟ್ಟು ಮಡಚಿ ಹಿಂಡಿ ಉಜ್ಜಿ, ಐದು ನಿಮಿಷ ಬಿಟ್ಟು ಒರೆಸಿ. ಒಣಗಿದ ಸಿಪ್ಪೆ ಇದಕ್ಕೆ ಆಗಲ್ಲ, ಹಿಂಡೋಕೆ ಎಣ್ಣೇನೇ ಬರಲ್ಲ. ಥರ್ಮೋಕೋಲ್ ಹತ್ರ ಮಾತ್ರ ಬೇಡ, ಅದನ್ನೂ ಕರಗ್ಸುತ್ತೆ. ಮೈಕ್ರೋವೇವ್ ಗಲೀಜಾಗಿದ್ರೆ ಒಂದು ಬಟ್ಟಲು ನೀರಲ್ಲಿ ಸಿಪ್ಪೆ ಹಾಕಿ 3 ನಿಮಿಷ ಕುದಿಸಿ, 5 ನಿಮಿಷ ಬಾಗಿಲು ತೆಗೀಬೇಡಿ, ಆವಿಗೆ ಎಲ್ಲಾ ಮೆತ್ತಗಾಗಿರುತ್ತೆ, ಒರೆಸಿದ್ರೆ ಬಂತು. ತಾಮ್ರದ ಪಾತ್ರೆಗೆ ರಸ ಹಿಂಡಿದ ನಿಂಬೆ ಹೋಳೇ ಸಾಕು, ಉಪ್ಪು ಅದ್ದಿ ತಿಕ್ಕಿ.

ತಾಳ್ಮೆ ಇದ್ರೆ ಬಯೋ ಎನ್ಜೈಮ್, ಅಂದ್ರೆ ಸಿಪ್ಪೆ ಹುಳಿ ಬರ್ಸಿ ಮಾಡೋ ಕ್ಲೀನರ್: 1 ಪಾಲು ಬೆಲ್ಲ, 3 ಪಾಲು ಸಿಪ್ಪೆ, 10 ಪಾಲು ನೀರು, 3 ತಿಂಗಳು. ಗ್ಯಾಸ್ ಕಟ್ಕೊಳುತ್ತೆ, ಹಾಗಾಗಿ ಗಾಜು ಬಿಟ್ಟು ಪ್ಲಾಸ್ಟಿಕ್ ಡಬ್ಬ ತಗೊಳಿ, ಕಾಲು ಭಾಗ ಖಾಲಿ ಬಿಡಿ, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲ ಮಾಡಿ.

ಈಗ ಮುಖ್ಯವಾದ್ದು. ಬ್ಲೀಚ್ ಜೊತೆ ಇದ್ಯಾವುದನ್ನೂ ಬೆರೆಸ್ಲೇಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ. ಮಾರ್ಬಲ್ ಮೇಲೂ ಬೇಡ, ಹುಳಿ ತಾಗಿದ ಜಾಗ ಮಂಕಾಗುತ್ತೆ, ಅದು ಕಲೆ ಅಲ್ಲ, ಕಲ್ಲೇ ಕರಗಿರೋದು, ಎಷ್ಟು ಒರೆಸಿದ್ರೂ ಹೋಗಲ್ಲ. ಬೆಕ್ಕು ಸಾಕಿದ್ರೆ ಅದು ಓಡಾಡೋ ನೆಲಕ್ಕೂ ಬೇಡ, ಈ ಎಣ್ಣೆ ಬೆಕ್ಕಿಗೆ ವಿಷ. ಘಮ ಬರ್ತಿದೆ ಅಂದ್ರೆ ಕ್ರಿಮಿ ಸತ್ತಿದೆ ಅಂತಲ್ಲ, ಹಸಿ ಮಾಂಸ ಕತ್ತರಿಸಿದ ಹಲಗೇನ ಸೋಪಲ್ಲಿ ಬಿಸಿನೀರಲ್ಲೇ ತೊಳೀರಿ.