"ಎಲ್ಲರೂ ಅಷ್ಟೇ" ಅನ್ನಿಸಿದಾಗ ಏನು ಮಾಡಬಹುದು: ಸ್ಕಾಟ್ಲೆಂಡಿನಲ್ಲಿರುವ ಕನ್ನಡಿಗರಿಗೆ

2014ರ ಸೆಪ್ಟೆಂಬರ್ 18. ನಾನು ಆಗ ಡಂಡೀಯಲ್ಲಿ ನರ್ಸ್. ಹಾಸನದಿಂದ ಬಂದು ಎರಡು ವರ್ಷ ಆಗಿತ್ತು, ಕೈಯಲ್ಲಿದ್ದದ್ದು ಕೆಲಸದ ವೀಸಾ. ಆದರೂ ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕೇ ಬೇಡವೇ ಎಂಬ ಜನಮತಗಣನೆಯಲ್ಲಿ ನನಗೂ ಒಂದು ವೋಟು ಇತ್ತು. ನಮ್ಮ ಕೆಳಗಿನ ಮನೆಯ ಅಜ್ಜ ಮತಗಟ್ಟೆಗೆ ನನ್ನ ಜೊತೆ ನಡೆದು ಬಂದರು. ಅವರ ತಾಯಿ ಡಂಡೀಯ ಸೆಣಬಿನ ಗಿರಣಿಯಲ್ಲಿ ದುಡಿದವರು. ಬಂಗಾಳದಿಂದ ಬರುತ್ತಿದ್ದ ಸೆಣಬಿನ ಕಥೆ ಹೇಳಿಯೇ ಅವರಿಗೆ ನನ್ನ ಜೊತೆ ಸ್ನೇಹ ಬೆಳೆದದ್ದು. ಅಜ್ಜ ಇಪ್ಪತ್ತು ವರ್ಷದಿಂದ ವೋಟು ಹಾಕಿರಲಿಲ್ಲ. ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿ, ಟೈ ಕಟ್ಟಿಕೊಂಡು ಬಂದಿದ್ದರು.

ಶೇ 84.6ರಷ್ಟು ಜನ ಮತ ಹಾಕಿದರು. ಬೇಡ ಅಂದವರು ಶೇ 55.3, ಬೇಕು ಅಂದವರು ಶೇ 44.7. ಆದರೆ ಡಂಡೀಯಲ್ಲಿ ಬೇಕು ಅಂದವರೇ ಜಾಸ್ತಿ, ಶೇ 57. ಅಜ್ಜ ಬೇಕು ಅಂದವರು. 2016ರಲ್ಲಿ ಯುರೋಪಿಯನ್ ಒಕ್ಕೂಟದಲ್ಲೇ ಇರೋಣ ಎಂದು ಸ್ಕಾಟ್ಲೆಂಡಿನ ಶೇ 62ರಷ್ಟು ಜನ ಹೇಳಿದರು, ಆದರೂ ಬ್ರಿಟನ್ ಹೊರಗೆ ಬಂತು. 2022ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಲಂಡನ್ ಸರ್ಕಾರ ಒಪ್ಪದೆ ಎಡಿನ್‌ಬರೋದಲ್ಲಿರುವ ಸ್ಕಾಟಿಷ್ ಸಂಸತ್ತು ಇನ್ನೊಂದು ಜನಮತಗಣನೆ ನಡೆಸುವಂತಿಲ್ಲ ಎಂದಿತು. ಒಂದೊಂದು ಸಲಕ್ಕೂ ಅಜ್ಜನ ಮಾತು ಕಮ್ಮಿಯಾಗುತ್ತಾ ಬಂತು. ಕೊನೆಗೆ ಉಳಿದದ್ದು ಎರಡೇ ಪದ: ಎಲ್ಲರೂ ಅಷ್ಟೇ. ಬೇಡ ಅಂದವರಿಗೂ ಸಮಾಧಾನ ಇಲ್ಲ. ಒಮ್ಮೆ ತೀರ್ಮಾನ ಆದ ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ, ಊರ ಕೆಲಸ ಹಿಂದೆ ಬಿದ್ದಿದೆ ಎಂದು ಅವರ ನೋವು.

ನಮ್ಮವರ ಮನೆಗಳಲ್ಲೂ ಇದೇ ಮಾತು ಕೇಳುತ್ತೇನೆ. "ಯಾರು ಬಂದರೂ ನಮಗೆ ರಾಗಿ ಬೀಸೋದು ತಪ್ಪಲ್ಲ, ಊರ ಉಸಾಬರಿ ಯಾಕೆ?" ನನಗೆ ಇದು ನಿಜಕ್ಕೂ ಬೇಜಾರು ತರಿಸುತ್ತದೆ. ಎಲ್ಲ ಆಸೆಯನ್ನೂ ಒಂದೇ ದೊಡ್ಡ ಪ್ರಶ್ನೆಗೆ ತೂಗುಹಾಕಿದ್ದಕ್ಕೇ ಇಷ್ಟು ದಣಿವು ಅನ್ನಿಸುತ್ತದೆ. ಆ ಪ್ರಶ್ನೆ ಇರಲಿ. ಅದರ ಪಕ್ಕದಲ್ಲಿ ಒಂದು ಸಣ್ಣ ಪ್ರಶ್ನೆ ಹಿಡಿದುಕೊಳ್ಳಿ. ಹೇಗೆ ಅಂತ ಹೇಳುತ್ತೇನೆ.

ಮೊದಲು ಹೆಸರು ನೋಂದಾಯಿಸಿ. ಪೌರತ್ವ ಬೇಕಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಸರಿಯಾದ ವೀಸಾ ಇದ್ದರೆ ಸಾಕು, ಓದಲು ಬಂದವರಿಗೂ ಮತ ಇದೆ. ಕೌನ್ಸಿಲ್ (ನಮ್ಮ ನಗರಸಭೆಯಂಥದ್ದು), ಸ್ಕಾಟಿಷ್ ಸಂಸತ್ತು, ಲಂಡನ್ನಿನ ಸಂಸತ್ತು, ಮೂರಕ್ಕೂ. ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಹತ್ತಿರ ಇಟ್ಟುಕೊಳ್ಳಿ. ಮಗನಿಗೋ ಮಗಳಿಗೋ 16 ತುಂಬಿದ್ದರೆ ಕೌನ್ಸಿಲ್ ಮತ್ತು ಸ್ಕಾಟಿಷ್ ಸಂಸತ್ತಿನ ಚುನಾವಣೆಗೆ ಅವರೂ ಮತ ಹಾಕಬಹುದು.

ಆಮೇಲೆ ಯಾವ ಕೆಲಸಕ್ಕೆ ಯಾವ ಬಾಗಿಲು ಅಂತ ತಿಳಿದುಕೊಳ್ಳಿ. ಅರ್ಧ ಸಿಟ್ಟು ತಪ್ಪು ಬಾಗಿಲು ತಟ್ಟಿದ್ದರಿಂದಲೇ ಹುಟ್ಟುತ್ತದೆ. ವೀಸಾ, ಪಾಸ್‌ಪೋರ್ಟ್, ಸೈನ್ಯ ಲಂಡನ್ನಿನದು. ಆಸ್ಪತ್ರೆ, ಪೊಲೀಸ್, ರೈಲು, ಸಂಬಳದ ಮೇಲಿನ ತೆರಿಗೆಯ ದರ ಎಡಿನ್‌ಬರೋದ್ದು. ಕಸದ ಡಬ್ಬಿ, ಬೀದಿ ದೀಪ, ಶಾಲೆಯ ಕಟ್ಟಡ, ಬಹುಪಾಲು ರಸ್ತೆ ನಿಮ್ಮ ಕೌನ್ಸಿಲಿನದು. ಸ್ಕಾಟಿಷ್ ಸಂಸತ್ತಿನಲ್ಲಿ ನಿಮ್ಮ ಪರವಾಗಿ ಕೂತವರು ಒಬ್ಬರಲ್ಲ, ಎಂಟು ಮಂದಿ: ಕ್ಷೇತ್ರದವರು ಒಬ್ಬರು, ಪ್ರಾಂತ್ಯದವರು ಏಳು. ಒಬ್ಬರು ಉತ್ತರ ಕೊಡದಿದ್ದರೆ ಇನ್ನೊಬ್ಬರಿಗೆ ಬರೆಯಿರಿ.

ಈಗ ಒಂದೇ ಒಂದು ವಿಷಯ ಆರಿಸಿ. ನನ್ನದು ಬಸ್ಸು. ಡಂಡೀ ಬಿಟ್ಟು ಒಂದು ಸಣ್ಣ ಊರಿಗೆ ಹೋಗಿದ್ದೆ. ಅಲ್ಲಿ ರಾತ್ರಿ ಒಂಬತ್ತರ ನಂತರದ ಬಸ್ಸುಗಳನ್ನು ಹೇಳದೆ ಕೇಳದೆ ನಿಲ್ಲಿಸಿಬಿಟ್ಟರು. ಶಿಫ್ಟ್ ಮುಗಿಸಿದ ನಾವು ನಾಲ್ಕು ಜನ ಮಳೆಯಲ್ಲಿ ಟ್ಯಾಕ್ಸಿಗೆ ಕಾಯುತ್ತಿದ್ದೆವು, ಅರ್ಧ ದಿನದ ಊಟದ ದುಡ್ಡು ಅದಕ್ಕೇ ಹೋಗುತ್ತಿತ್ತು. ಒಂದು ತಿಂಗಳು ಸುಮ್ನೆ ಬೈದುಕೊಂಡೆವು. ಆಮೇಲೆ ನಾನು ಕೌನ್ಸಿಲರ್ ಅವರ ಸರ್ಜರಿಗೆ ಹೋದೆ. ಹೆಸರು ಕೇಳಿ ಹೆದರಬೇಡಿ. ಜನರನ್ನು ಭೇಟಿ ಮಾಡುವ ಸಮಯಕ್ಕೆ ಇಲ್ಲಿ ಸರ್ಜರಿ ಅಂತಾರೆ. ನಮ್ಮೂರಿನದು ಗ್ರಂಥಾಲಯದ ಮೂಲೆಯಲ್ಲಿ ಶನಿವಾರ ಬೆಳಿಗ್ಗೆ ನಡೆಯುತ್ತಿತ್ತು.

ಹೋಗುವಾಗ ಒಂದೇ ಹಾಳೆ ಒಯ್ಯಿರಿ. ಏನಾಯಿತು, ಯಾವತ್ತಿನಿಂದ, ಎಷ್ಟು ಜನಕ್ಕೆ ತೊಂದರೆ, ನಿಮಗೇನು ಬೇಕು: ಇಷ್ಟೇ ಇರಲಿ. ದೇಶದ ಕಷ್ಟವನ್ನೆಲ್ಲ ಅದರಲ್ಲಿ ತುಂಬಬೇಡಿ. ಯಾವ ದಿನದೊಳಗೆ ಉತ್ತರ ಬರುತ್ತದೆ ಎಂದು ಕೇಳಿ, ಅವರೆದುರೇ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ಅದನ್ನೇ ಇಮೇಲ್ ಮಾಡಿ.

ಉತ್ತರ ಬರಲಿಲ್ಲವಾ? ನಮ್ಮಲ್ಲಿ ಮಾಹಿತಿ ಹಕ್ಕು ಇದೆಯಲ್ಲ, ಇಲ್ಲೂ ಅಂಥ ಕಾಯ್ದೆ ಇದೆ, 2005ರಿಂದಲೇ ಜಾರಿಯಲ್ಲಿದೆ. ಇಮೇಲ್ ಸಾಕು, ಕಾರಣ ಹೇಳಬೇಕಿಲ್ಲ. 20 ಕೆಲಸದ ದಿನಗಳೊಳಗೆ ಅವರು ಉತ್ತರ ಕೊಡಬೇಕು. ಬಸ್ಸಿಗೆ ಕೊಡುತ್ತಿದ್ದ ಸಹಾಯಧನ ಎಷ್ಟು, ಯಾವಾಗ ನಿಂತಿತು ಎಂದು ನಾನು ಕೇಳಿದೆ. ಅಂಕಿ ಕೈಗೆ ಬಂತು. ಅದನ್ನು ಹಿಡಿದು ಸಮುದಾಯ ಕೌನ್ಸಿಲಿನ ಸಭೆಗೆ ಹೋದೆ. ಇದು ಊರವರೇ ಸೇರಿ ನಡೆಸುವ ಪುಟ್ಟ ಸಭೆ, ಅಧಿಕಾರ ಕಮ್ಮಿ, ಆದರೆ ಮಾತು ಮೇಲಕ್ಕೆ ಮುಟ್ಟುತ್ತದೆ. ಅವತ್ತು ಹನ್ನೊಂದು ಜನ ಇದ್ದರು. ಎಂಟು ತಿಂಗಳಾದ ಮೇಲೆ ಒಂದು ಬಸ್ಸು ವಾಪಸ್ ಬಂತು, 9:40ರದ್ದು. ಉಳಿದವು ಬರಲಿಲ್ಲ. ಆ ಒಂದು ಬಸ್ಸಿನಲ್ಲಿ ಮೊದಲ ದಿನ ಕೂತಾಗ ನನಗೆ ಅಳು ಬಂದಿತ್ತು.

ಇಡೀ ಸ್ಕಾಟ್ಲೆಂಡಿಗೆ ಸಂಬಂಧಿಸಿದ ವಿಷಯವಾದರೆ ಎಡಿನ್‌ಬರೋದ ಸಂಸತ್ತಿಗೆ ಮನವಿ ಕೊಡಿ. ಸಾವಿರ ಸಹಿ ಬೇಕಿಲ್ಲ, ನಿಮ್ಮದೊಂದೇ ಸಾಕು. ಅಲ್ಲಿ ಇದಕ್ಕೆಂದೇ ಒಂದು ಸಮಿತಿ ಇದೆ.

ಬೇಸತ್ತವರ ಜೊತೆ ಮಾತಾಡುವಾಗ 2014ನ್ನು ಕೆದಕಬೇಡಿ. ಯಾವ ಕಡೆಯವರೇ ಇರಲಿ, ಅದು ಇನ್ನೂ ಹಸಿ ಗಾಯ. ಅಜ್ಜನಿಗೆ ನಾನು ಫೋನಿನಲ್ಲಿ ಬಸ್ಸಿನ ಕಥೆ ಹೇಳಿದೆ, ಅಷ್ಟೇ. ಅವರ ಮೆಟ್ಟಿಲಿನ ದೀಪ ಕೆಟ್ಟು ಮೂರು ತಿಂಗಳಾಗಿತ್ತಂತೆ. ಯಾರಿಗೆ ಬರೆಯೋದು ಅಂತ ಕೇಳಿದರು. ಇಬ್ಬರೂ ಸೇರಿ ಬರೆದೆವು.

2027ರ ಮೇ ತಿಂಗಳಲ್ಲಿ ಕೌನ್ಸಿಲ್ ಚುನಾವಣೆ ಇದೆ. ಕಳೆದ ಸಲ, 2022ರಲ್ಲಿ, ಅರ್ಧದಷ್ಟು ಜನವೂ ಬಂದಿರಲಿಲ್ಲ. ಈ ಚುನಾವಣೆಯ ಮತಚೀಟಿಯಲ್ಲಿ ಅಡ್ಡಗುರುತು ಹಾಕಬಾರದು. ಇಷ್ಟದವರಿಗೆ 1, ಆಮೇಲಿನವರಿಗೆ 2, 3 ಎಂದು ಸಂಖ್ಯೆ ಬರೆಯಬೇಕು. ಬೆರಳಿಗೆ ಶಾಯಿ ಇಲ್ಲ, ಪೆನ್ಸಿಲ್ ಅವರೇ ಇಟ್ಟಿರುತ್ತಾರೆ. ಫೋಟೋ ಗುರುತಿನ ಚೀಟಿ ಬೇಕಾಗುವುದು ಲಂಡನ್ ಸಂಸತ್ತಿನ ಚುನಾವಣೆಗೆ, ಅಲ್ಲಿ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಹತ್ತಕ್ಕೆ ಸರಿಯಾಗಿ ಸಾಲಿನಲ್ಲಿ ನಿಂತಿದ್ದರೂ ಬಿಡುತ್ತಾರೆ. ನೈಟ್ ಶಿಫ್ಟ್ ಇರುವವರು ಅಂಚೆ ಮತಕ್ಕೆ ಮುಂಚೆಯೇ ಅರ್ಜಿ ಹಾಕಿಡಿ.