ಅಪ್ಪನ ಕೈಗೆ ಪಿಕ್ಕಾಸು ಕೊಡಿ: ಹಿರಿಯರ ನೆನಪು ಬರೆದಿಡುವ ಬಗೆ

"ನಿಮ್ಮ ಬಾಲ್ಯದ ಬಗ್ಗೆ ಹೇಳಿ" ಅಂತ ಮಾತ್ರ ಕೇಳಬೇಡಿ.

ನಾನು ಅಪ್ಪನ ಹತ್ತಿರ ಮೊದಲು ಕೇಳಿದ್ದು ಹಾಗೆಯೇ. 2012ರ ಏಪ್ರಿಲ್. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಜಗಲಿಯಲ್ಲಿ ಫೋನು ಇಟ್ಟು ಎದುರಿಗೆ ಕೂತೆ. ಅಪ್ಪ ಅಂಗಳದ ಕಡೆ ನೋಡಿದರು. "ಪನೆರೆ ದಾದ ಉಂಡು ಮಗಾ?" ಅಂದರು. ತುಳುವಿನಲ್ಲಿ, ಹೇಳಲಿಕ್ಕೆ ಎಂತ ಉಂಟು ಅಂತ. ಆಮೇಲೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸುಮ್ಮನಾದರು. ನಲವತ್ತು ವರ್ಷ ನೀರಿಗಾಗಿ ಗುಡ್ಡ ಕೊರೆದು ಸುರಂಗ ತೋಡಿದ ಮನುಷ್ಯ ಅವರು.

ಇದು ನನಗೆ ಗೊತ್ತಿರಬೇಕಿತ್ತು. ಅದಕ್ಕೂ ಮೊದಲು ಎಂಟು ವರ್ಷ ನಾನು ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ, ಬರ್ನ್ಲಿ ಕಡೆಯ ಒಂದು ಕೇರ್ ಹೋಮಿನಲ್ಲಿ, ಅಂದರೆ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ, ನರ್ಸ್ ಆಗಿದ್ದೆ. ಬರ್ನ್ಲಿ ಒಂದು ಕಾಲದಲ್ಲಿ ಹತ್ತಿ ಬಟ್ಟೆ ನೇಯುವ ದೊಡ್ಡ ಊರು. ನಮ್ಮಲ್ಲಿದ್ದ ಅಜ್ಜಿಯರಲ್ಲಿ ತುಂಬ ಮಂದಿ ಹದಿನಾಲ್ಕಕ್ಕೆ ಶಾಲೆ ಬಿಟ್ಟು ಮಿಲ್ಲಿಗೆ ಹೋದವರು. ಒಬ್ಬ ಅಜ್ಜಿಗೆ ಮರೆವಿನ ಕಾಯಿಲೆ ಇತ್ತು. ಮಗನ ಹೆಸರೂ ನೆನಪಿರಲಿಲ್ಲ. ದಿನವಿಡೀ ಕಿಟಕಿ ಹತ್ತಿರ ಕೂತಿರುತ್ತಿದ್ದರು.

ಅಲ್ಲಿ ಒಂದು ನೆನಪಿನ ಪೆಟ್ಟಿಗೆ ಇತ್ತು. ಅದರಲ್ಲಿ ಯುದ್ಧಕಾಲದ ರೇಷನ್ ಪುಸ್ತಕ, ಹಳೆಯ ಅಗಲದ ಪೆನ್ನಿ ನಾಣ್ಯ, ಮರದ ಅಟ್ಟೆಯ ಕ್ಲಾಗ್ ಬೂಟು, ಮಗ್ಗದ ಲಾಳಿ. ಒಂದು ಮಧ್ಯಾಹ್ನ ಲಾಳಿಯನ್ನು ಅಜ್ಜಿಯ ಕೈಗೆ ಕೊಟ್ಟೆ. ಅವರು ಅದನ್ನು ಹೊರಳಿಸಿ, ತುಟಿಗೆ ಹಿಡಿದು, ಉಸಿರು ಒಳಗೆ ಎಳೆದರು. ನನಗೆ ಅರ್ಥವೇ ಆಗಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಆ ಊರಿನ ಹುಡುಗಿ ಹೇಳಿದಳು: ಲಾಳಿಯ ಕಣ್ಣಿನಿಂದ ನೂಲು ಹೊರಗೆ ಬರಬೇಕಾದರೆ ನೇಯುವವರು ಬಾಯಲ್ಲಿ ಹೀರಿ ಎಳೆಯುತ್ತಿದ್ದರು, ಅದಕ್ಕೆ ಲಾಳಿಗೆ ಮುತ್ತಿಡುವುದು ಅನ್ನುತ್ತಿದ್ದರು. ಆ ದಿನ ಅಜ್ಜಿ ಮಾತಾಡಿದರು. ಅರ್ಧ ಮಾತಿಗೆ ಸದ್ದೇ ಇರಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ನೂರಾರು ಮಗ್ಗ ಒಟ್ಟಿಗೆ ಬಡಿಯುವಾಗ ಕಿವಿಗೆ ಏನೂ ಕೇಳುವುದಿಲ್ಲ. ಹಾಗಾಗಿ ಮಿಲ್ಲಿನ ಹೆಂಗಸರು ತುಟಿ ಆಡಿಸಿಯೇ ಮಾತಾಡಿಕೊಳ್ಳುತ್ತಿದ್ದರು. ಮೀ-ಮಾ ಅಂತ ಅದಕ್ಕೆ ಹೆಸರು. ಮಗನ ಹೆಸರು ಮರೆತ ತುಟಿಗೆ ಅದು ನೆನಪಿತ್ತು.

ಹಾಗಾಗಿ ಮೊದಲು ಪ್ರಶ್ನೆ ಬೇಡ, ವಸ್ತು ಹುಡುಕಿ. ಅವರು ಕೆಲಸದಲ್ಲಿ ದಿನಾ ಹಿಡಿದಿದ್ದು ಯಾವುದು? ಕತ್ತಿಯೋ, ಸೂಜಿಯೋ, ತಕ್ಕಡಿಯೋ, ಬಸ್ಸಿನ ಟಿಕೆಟ್ ಪುಸ್ತಕವೋ? ಅಟ್ಟದಲ್ಲಿ ಸಿಗಬಹುದು. ಇಲ್ಲದಿದ್ದರೆ ನೆರೆಮನೆಯಿಂದ ತನ್ನಿ.

ಅಪ್ಪ ಗುಡ್ಡ ಅಗೆಯುತ್ತಿದ್ದ ಹಳೆಯ ಪಿಕ್ಕಾಸು ಎಲ್ಲೋ ಹೋಗಿತ್ತು. ಬದಿಯಡ್ಕದ ಅಂಗಡಿಯಿಂದ ಹೊಸತು ತಂದು ಅವರ ಮಡಿಲಲ್ಲಿ ಇಟ್ಟೆ. ಹಿಡಿಯ ಮೇಲೆ ಕೈ ಆಡಿಸಿದರು. "ಇದು ಉದ್ದ ಆಯ್ತು. ಒಳಗೆ ಬೀಸ್ಲಿಕ್ಕೆ ಜಾಗ ಎಲ್ಲಿ?" ಅಂದರು. ಹಾಗಾದರೆ ಎಷ್ಟು ಇರಬೇಕು ಅಪ್ಪ ಅಂತ ಕೇಳಿದೆ. ಅಲ್ಲಿಂದ ಎರಡು ಗಂಟೆ ನಾನು ಬಾಯಿ ತೆರೆಯಬೇಕಾಗಲಿಲ್ಲ.

ಸುರಂಗ ಅಂದರೆ ಒಬ್ಬ ಮನುಷ್ಯ ಹೋಗುವಷ್ಟು ಮಾತ್ರ ಅಗಲ ಇರುವ ಗುಹೆ. ಕೆಂಪು ಮುರಕಲ್ಲನ್ನು ಕೊರೆಯುತ್ತಾ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಹೋಗಬೇಕು. ಬೇಸಿಗೆಯಲ್ಲೂ ಹಸಿರಾಗಿರುವ ಗಿಡ ಯಾವುದು, ಹುತ್ತ ಎಲ್ಲಿದೆ ಅಂತ ನೋಡಿ ಜಾಗ ಗುರುತಿಸುವುದು. ಬಾವಿಯ ಹಾಗೆ ಎಳೆಯುವ ಕೆಲಸ ಇಲ್ಲ, ಪಂಪು ಬೇಡ, ಒಸರಿದ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಅಳತೆಯೆಲ್ಲ ಕೋಲಿನಲ್ಲಿ. ಒಂದು ಕೋಲು ಅಂದರೆ ಹೆಚ್ಚು ಕಡಿಮೆ ಎರಡೂವರೆ ಅಡಿ. ಕೂಲಿಯೂ ಕೋಲಿನ ಲೆಕ್ಕದಲ್ಲೇ. ಒಳಗೆ ಮೇಣದ ಬತ್ತಿ ಇಡುತ್ತಿದ್ದರು. ಅದು ಬೆಳಕಿಗೆ ಮಾತ್ರ ಅಲ್ಲ. ಬತ್ತಿ ಮಂಕಾದರೆ ಗಾಳಿ ಕಮ್ಮಿ ಆಯಿತು ಅಂತ ಲೆಕ್ಕ, ಕೂಡಲೇ ಹೊರಗೆ ಬರಬೇಕು. ಬತ್ತಿ ನೋಡಿಕೊಂಡು, ಬುಟ್ಟಿಯಲ್ಲಿ ಮಣ್ಣು ಹೊರಗೆ ಹಾಕಲಿಕ್ಕೆ ಹಿಂದೆ ಒಬ್ಬ ಹುಡುಗ ಇರುತ್ತಿದ್ದ. ಆ ಹುಡುಗನ ಹೆಸರು ಅಪ್ಪನಿಗೆ ಏನು ಮಾಡಿದರೂ ಬರಲಿಲ್ಲ.

ಅಮ್ಮನಿಗೆ ವಸ್ತು ಕೊಟ್ಟರೂ ಸಾಲಲಿಲ್ಲ. ಅಮ್ಮ ಬೀಡಿ ಕಟ್ಟಿದವರು. ಕೇಳಿದರೆ "ಎಲೆ ಕತ್ತರಿಸಿ ಸುತ್ತುವುದು, ಮತ್ತೆಂತ" ಅನ್ನುತ್ತಾರೆ. ಅದಕ್ಕೆ ಹೇಳಿ ಅನ್ನುವುದು ಬಿಟ್ಟು ತೋರಿಸಿ ಅಂದೆ. ಒದ್ದೆ ಎಲೆ, ಕತ್ತರಿ, ಅಳತೆಯ ತಗಡು, ಮಡಿಲಲ್ಲಿ ತಡ್ಪೆ, ಅಂದರೆ ಮೊರ. ಬೆರಳು ಓಡಲು ಶುರುವಾದ ಮೇಲೆ ಮಾತೂ ಓಡಿತು. ಕಟ್ಟು ಬಿಗಿಯಾಗಿಲ್ಲ ಅಂತ ಬೀಡಿ ಕಂಪನಿಯ ಬ್ರಾಂಚಿನಲ್ಲಿ ಬದಿಗೆ ತೆಗೆದಿಟ್ಟ ಬೀಡಿಗಳು, ಮಳೆಗಾಲದಲ್ಲಿ ಒಲೆಯ ಮೇಲೆ ಒಣಗಿಸಿದ್ದು, ನಾನು ಹೊಟ್ಟೆಯಲ್ಲಿದ್ದಾಗ ಹೊಗೆಸೊಪ್ಪಿನ ಘಾಟಿಗೆ ವಾಂತಿ ಬಂದಿದ್ದು. ಇಂಥ ಕೆಲಸಕ್ಕೆ ವಿಡಿಯೋ ಬೇಕು. ಎದುರಿನಿಂದ ತೆಗೆಯಬೇಡಿ. ಅವರ ಭುಜದ ಹಿಂದೆ ನಿಂತು ತೆಗೆಯಿರಿ. ಆಗ ನೋಡುವವರಿಗೆ ಆ ಕೈ ತಮ್ಮ ಕೈ ಹಾಗೆ ಕಾಣುತ್ತದೆ, ಕಲಿಯಲಿಕ್ಕೂ ಆಗುತ್ತದೆ.

ಇಸವಿ ಕೇಳಬೇಡಿ. "ಯಾವ ವರ್ಷ?" ಅಂದ ಕೂಡಲೇ ಹಿರಿಯರು ಪರೀಕ್ಷೆಗೆ ಕೂತ ಹಾಗೆ ಆಗುತ್ತಾರೆ. ಮೊದಲೋ ಆಮೇಲೋ ಅಂತ ಕೇಳಿ. ಬರ್ನ್ಲಿಯಲ್ಲಿ ನಾವು ಕೇಳುತ್ತಿದ್ದದ್ದು, ಮಿಠಾಯಿ ರೇಷನ್ನಿನಿಂದ ಬಿಡುಗಡೆ ಆಗುವ ಮೊದಲೋ ಆಮೇಲೋ ಅಂತ. ಅದು ಆದದ್ದು 1953ರ ಫೆಬ್ರವರಿಯಲ್ಲಿ. ಆಗ ಮಕ್ಕಳಾಗಿದ್ದ ಯಾರೂ ಅದನ್ನು ಮರೆತಿರಲಿಲ್ಲ. ನಮ್ಮ ಕಡೆಗೂ ಇಂಥ ಗುರುತುಗಳಿವೆ. ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1. ಆಣೆ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್ 1. ಕೇರಳದಲ್ಲಿ ಗೇಣಿ ನಿಂತದ್ದು 1970ರ ಜನವರಿ 1. ಮಂಗಳೂರು ಆಕಾಶವಾಣಿ ಶುರುವಾದದ್ದು 1976. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ. ಇವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ.

ಅಪ್ಪ ಕೆಲಸಕ್ಕೆ ಸೇರುವಾಗ ಹನ್ನೆರಡು ವರ್ಷ ಅಂತ ಹೇಳುತ್ತಾ ಬಂದಿದ್ದರು. ಮೊದಲ ಕೂಲಿಯ ನಾಣ್ಯ ಹೇಗಿತ್ತು ಅಂತ ಕೇಳಿದೆ. ಹೊಸತು, ಹೊಳೆಯುತ್ತಿತ್ತು, ಅಂಗಡಿಯವರು ಅದನ್ನು ಆಣೆಗೆ ಲೆಕ್ಕ ಹಾಕಲು ಒದ್ದಾಡುತ್ತಿದ್ದರು ಅಂದರು. ಅಂದರೆ 1957 ಅಥವಾ ಅದರ ಆಚೆ. ಆಗ ಅವರಿಗೆ ಹದಿನಾಲ್ಕು ಆಗಿರಬೇಕು. ನಾನು ಅದನ್ನು ಅವರ ಎದುರು ತಿದ್ದಲಿಲ್ಲ. ಪುಸ್ತಕದ ಅಂಚಿನಲ್ಲಿ ಬರೆದಿಟ್ಟೆ, ಅಷ್ಟೇ. ಹನ್ನೆರಡು ಅಂತ ಅವರಿಗೆ ಯಾಕೆ ಅನಿಸಿತು ಅನ್ನುವುದೂ ನೆನಪಿನ ಭಾಗವೇ ಅಲ್ವಾ?

ದುಡ್ಡಿನ ಪ್ರಶ್ನೆ ತುಂಬ ಒಳ್ಳೆಯದು. ಇಂಗ್ಲೆಂಡಿನಲ್ಲಿ 1971ರ ಫೆಬ್ರವರಿ 15ರ ತನಕ ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್. ಆ ಲೆಕ್ಕ ಶುರು ಮಾಡಿದರೆ ಅಲ್ಲಿನ ಅಜ್ಜಂದಿರು ಸಂಬಳದ ಕವರನ್ನು ಹಾಗೇ ಅಮ್ಮನ ಕೈಗೆ ಕೊಡುತ್ತಿದ್ದದ್ದು, ವಾಪಸ್ ಸಿಕ್ಕಿದ ಚಿಲ್ಲರೆ, ಮಿಲ್ಲಿಗೆ ವಾರ ರಜೆ ಸಿಕ್ಕಾಗ ಊರಿಗೆ ಊರೇ ಬ್ಲ್ಯಾಕ್‌ಪೂಲ್ ಕಡಲಿಗೆ ಹೋದದ್ದು, ಎಲ್ಲ ಹೇಳುತ್ತಿದ್ದರು. ನಮ್ಮವರ ಹತ್ತಿರ ಕೇಳಿ: ಕೂಲಿ ಅಕ್ಕಿಯಲ್ಲೋ ದುಡ್ಡಲ್ಲೋ? ಯಾರ ಕೈಯಿಂದ, ಅಂಗಳದಲ್ಲೋ ಜಗಲಿಯಲ್ಲೋ? ಮನೆಗೆ ತಂದ ಮೇಲೆ ಯಾರು ಎಣಿಸಿದರು? ಕುಂಬಳೆ ಜಾತ್ರೆಯ ಬೆಡಿಗೆ, ಅಂದರೆ ಸಿಡಿಮದ್ದು ನೋಡಲು ಹೋಗುವಾಗ, ಎಷ್ಟು ಕೊಟ್ಟರು, ಏನು ತಿಂದಿರಿ?

ಅಂಗಳವೋ ಜಗಲಿಯೋ ಅನ್ನುವ ಪ್ರಶ್ನೆಗೆ ಕೆಲವರು ಸುಮ್ಮನಾಗುತ್ತಾರೆ. ಜಾತಿಯ ನೋವು ಅಲ್ಲಿಯೇ ಇರುತ್ತದೆ. ಒತ್ತಾಯ ಮಾಡಬೇಡಿ. ಫೋನು ಬಂದ್ ಮಾಡಿ ಕೂತುಕೊಳ್ಳಿ. ಸುರಂಗ ಕುಸಿದ ಒಂದು ಸಂಗತಿ ಅಪ್ಪ ನನಗೆ ಹೇಳಿದ್ದು ಫೋನು ಬಂದ್ ಮಾಡಿದ ಮೇಲೆ. ಅದನ್ನು ನಾನು ಎಲ್ಲೂ ಬರೆದಿಲ್ಲ. ಪ್ರತಿ ಸಲ ಎದ್ದು ಹೋಗುವ ಮೊದಲು, ಇದನ್ನು ಯಾರೆಲ್ಲ ಕೇಳಬಹುದು, ಯಾರು ಕೇಳಬಾರದು ಅಂತ ಅವರಿಂದಲೇ ತಿಳಿದುಕೊಳ್ಳಿ.

ರೆಕಾರ್ಡಿಂಗ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಫ್ಯಾನು ಬಂದ್ ಮಾಡಿ. ಫೋನು ಏರೋಪ್ಲೇನ್ ಮೋಡಿನಲ್ಲಿ ಇರಲಿ, ಮೇಜಿನ ಮೇಲೆ ಬರೇ ಇಡದೆ ಮಡಚಿದ ಬಟ್ಟೆಯ ಮೇಲೆ ಇಡಿ. ಆಟಿಯ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಕೂತರೆ ಏನೂ ಕೇಳುವುದಿಲ್ಲ. ಶುರುವಿಗೆ ತಾರೀಕು, ಊರು, ಹೆಸರು ನೀವೇ ಹೇಳಿ. ಮುಕ್ಕಾಲು ಗಂಟೆ ಸಾಕು, ಅವರಿಗೆ ಸುಸ್ತಾಗುತ್ತದೆ. ಅದೇ ದಿನ ರಾತ್ರಿ ಇನ್ನೊಂದು ಕಡೆಗೆ ಕಾಪಿ ಮಾಡಿ. ಪಿಕ್ಕಾಸಿನ ದಿನದ ಎರಡು ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಮಾತ್ರ ನನ್ನ ಹತ್ತಿರ ಇದೆ. ಉಳಿದದ್ದು ಆ ಫೋನು ನೀರಿಗೆ ಬಿದ್ದಾಗ ಹೋಯಿತು. ಈಗಲೂ ಆ ಒಂದೂವರೆ ಗಂಟೆ ನೆನೆದರೆ ಹೊಟ್ಟೆ ಉರಿಯುತ್ತದೆ.

ಸಾಧ್ಯವಾದರೆ ಜಾಗಕ್ಕೆ ಕರೆದುಕೊಂಡು ಹೋಗಿ. ನಡೆಯಲು ಆಗದವರಿಗೆ ಒಂದು ಕೋಲು ಕೊಟ್ಟು ಅಂಗಳದ ಮಣ್ಣಿನಲ್ಲಿ ಶಾಲೆಯ ದಾರಿ ಗೀಚಿಸಿ. ಎಲ್ಲಿ ತೋಡು, ಎಲ್ಲಿ ಅಡಿಕೆ ಮರದ ಸಂಕ, ಯಾವ ಮನೆಯ ನಾಯಿಗೆ ಹೆದರಿ ಓಡಿದ್ದು? ಗೀಚಿದ್ದರ ಫೋಟೋ ತೆಗೆದುಕೊಳ್ಳಿ. ಅಪ್ಪನನ್ನು ಅವರೇ ತೋಡಿದ ಒಂದು ಸುರಂಗದ ಬಾಯಿಗೆ ಕರೆದುಕೊಂಡು ಹೋಗಿದ್ದೆ. ನೀರು ಇನ್ನೂ ಬರುತ್ತಿತ್ತು. ಬಾಯಿಯಲ್ಲಿ ನಿಂತು ಮೂವತ್ತೆಂಟು ಕೋಲು ಅಂದರು. ಹಳೆಯ ಸುರಂಗದ ಒಳಗೆ ಮಾತ್ರ ಹೋಗಬೇಡಿ, ಹೋಗಲಿಕ್ಕೆ ಬಿಡಲೂ ಬೇಡಿ.

ಇನ್ನು ಬರೆಯುವುದು. ನಮ್ಮ ಕಡೆ ಇದೇ ಕಷ್ಟದ ಭಾಗ. ಅಪ್ಪ ನನ್ನ ಹತ್ತಿರ ತುಳು, ಮೇಷ್ಟ್ರ ಹತ್ತಿರ ಕನ್ನಡ, ಅಂಗಡಿಯಲ್ಲಿ ಮಲಯಾಳ. ಕೆಲಸ ಕೊಟ್ಟ ಭಟ್ಟರ ಮಾತು ಹೇಳುವಾಗ ಹವ್ಯಕ ಕನ್ನಡ. ಒಂದೇ ಕಥೆಯಲ್ಲಿ ನಾಲ್ಕೂ ಬರುತ್ತವೆ. ಮೊದಲ ಸಲ ನಾನು ಎಲ್ಲವನ್ನೂ ಶಾಲೆಯ ಕನ್ನಡಕ್ಕೆ ತಿದ್ದಿ ಬರೆದೆ. ಕೋಲು ಅಂದಲ್ಲಿ ಮೀಟರ್ ಹಾಕಿದೆ. ಓದಿ ಹೇಳಿದಾಗ ಅಪ್ಪ ತಾಳ್ಮೆಯಿಂದ ಕೇಳಿ, "ಇದು ಯಾರ ಕಥೆ?" ಅಂದರು. ಪೂರ್ತಿ ಹರಿದು ಮತ್ತೆ ಬರೆದೆ. ತುಳುವನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು, ಮಲಯಾಳದ ಮಾತನ್ನೂ ಹಾಗೆಯೇ. ಅರ್ಥ ಪಕ್ಕದಲ್ಲಿ ಬರೆಯಿರಿ, ಮಾತು ಮಾತ್ರ ಅವರದ್ದೇ ಇರಲಿ. ಬರ್ನ್ಲಿಯಲ್ಲಿ ಚಹಾಕ್ಕೆ ಬ್ರೂ, ಎರಡು ಮನೆಗಳ ನಡುವಿನ ಓಣಿಗೆ ಗಿನ್ನಲ್ ಅನ್ನುತ್ತಿದ್ದರು. ಗಿನ್ನಲ್ ತೆಗೆದು ಓಣಿ ಅಂತ ಬರೆದರೆ ಆ ಅಜ್ಜಿ ಹುಡುಗಿಯಾಗಿ ಓಡಿದ ಜಾಗ ಅದಾಗುವುದಿಲ್ಲ.

ಬರೆದದ್ದನ್ನು ಅವರಿಗೆ ಓದಿ ಹೇಳುವುದನ್ನು ಬಿಡಬೇಡಿ. ಓದಿದ ದಿನ ರಾತ್ರಿ ಅವರಿಗೆ ಸರಿಯಾಗಿ ನಿದ್ದೆ ಬರುವುದಿಲ್ಲ, ಹಳೆಯದೆಲ್ಲ ಎದ್ದು ಬರುತ್ತದೆ. ಮರುದಿನ ನೀವು ಬೇಗ ಏಳಬೇಕು, ಪುಸ್ತಕ ಹತ್ತಿರ ಇರಬೇಕು.

ಎರಡನೇ ಸಲ ಬರೆದದ್ದನ್ನು ಓದಿದ ಮರುದಿನ ಬೆಳಿಗ್ಗೆ ಐದು ಗಂಟೆಗೆ ಅಪ್ಪ ನನ್ನ ಕೋಣೆಯ ಬಾಗಿಲು ತಟ್ಟಿದರು. ಕೈಯಲ್ಲಿ ಟಾರ್ಚು. "ಮಗಾ, ಬತ್ತಿ ಹಿಡಿತಿದ್ದ ಹುಡುಗನ ಹೆಸರು ಸಿಕ್ಕಿತು. ಬರಿ, ಬರಿ" ಅಂದರು.